ಎಂಟು ಮಡಿಕೆಯ ದಾಸವಾಳ

ಪೆಸಿಫಿಕ್ ಸಾಗರದ ಮಾವುಕೆ ದ್ವೀಪದಲ್ಲಿ ಯಾರೇ ಮದುವೆಯಾಗಲಿ, ಯಾರೇ ಸಾಯಲಿ, ಮೊದಲು ಹೇಳಿ ಕಳಿಸುತ್ತಿದ್ದದ್ದು ಪಾದ್ರಿಗಲ್ಲ, ತುವಾಯ್ನೆ ಅಜ್ಜಿಗೆ. ಪಾದ್ರಿ ಊರಲ್ಲಿಲ್ಲದಿದ್ದರೆ ಪ್ರಾರ್ಥನೆಯನ್ನು ಯಾರಾದರೂ ಹೇಳಿಯಾರು. ಕೌದಿ ಇಲ್ಲದೆ ಯಾವ ಕಾರ್ಯವೂ ನಡೆಯುವಂತಿರಲಿಲ್ಲ. ಅಲ್ಲಿಯವರ ಬಾಯಲ್ಲಿ ತೀವೈವೈ ಅನ್ನಿಸಿಕೊಳ್ಳುವ ಈ ಹೂವಿನ ಕೌದಿ ಚಳಿಗೆ ಹೊದೆಯುವುದಕ್ಕಲ್ಲ. ಆ ಊರಿಗೆ ಚಳಿ ಎಲ್ಲಿಂದ ಬರಬೇಕು? ಗಂಡುಮಗುವಿನ ಮೊದಲ ಕೂದಲು ತೆಗೆಸುವಾಗ ಕೂರಿಸುವುದು ಅದರ ಮೇಲೆ, ಮದುಮಕ್ಕಳ ಹೆಗಲಿಗೆ ಹಾಕುವುದು ಅದನ್ನು, ಕೊನೆಗೆ ಪೆಟ್ಟಿಗೆಯಲ್ಲಿ ಮಲಗಿಸಿ ಮಣ್ಣಿಗೆ ಕೊಡುವಾಗ ಮೈಗೆ ಸುತ್ತುವುದೂ ಅದನ್ನೇ. ಹತ್ತಾರು ಹೆಂಗಸರು ಕಣ್ಣು ಕೆಡಿಸಿಕೊಂಡು ಹೊಲಿದದ್ದು ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲು. ಹೊರಗಿನಿಂದ ಬಂದವರು ನೋಡಿ ಅಯ್ಯೋ ಅನ್ನುತ್ತಾರೆ. ಅನ್ನಲಿ, ಅವರನ್ನು ಯಾವ ಬಟ್ಟೆಯಲ್ಲಿ ಸುತ್ತುತ್ತಾರೋ ಯಾರು ಕಂಡರು.

ಹೊಲಿಯುವ ಕೈಗಳು ಊರ ತುಂಬ ಇದ್ದವು. ಕತ್ತರಿಸುವ ಕೈ ಒಂದೇ. ಬಟ್ಟೆಯನ್ನು ಅರ್ಧಕ್ಕೆ ಮಡಿಸಿ, ಮತ್ತೆ ಅರ್ಧಕ್ಕೆ, ಆಮೇಲೆ ಮೂಲೆಯಿಂದ ಮೂಲೆಗೆ, ಹೀಗೆ ಎಂಟು ಪದರ ಒಟ್ಟಿಗೆ ಹಿಡಿದು ತುವಾಯ್ನೆ ಕತ್ತರಿ ಓಡಿಸಿದಳೆಂದರೆ ಬಿಡಿಸಿದಾಗ ನಾಲ್ಕು ಕಡೆಗೆ ನಾಲ್ಕು ಹೂವು, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಅಳತೆಯಿಲ್ಲ, ಗೆರೆಯಿಲ್ಲ. ತಾಯಿ ಕೈ ಹಿಡಿದು ಕಲಿಸಿದ್ದು, ತಾಯಿಗೆ ಅವಳ ತಾಯಿ. ಈಗ ತುವಾಯ್ನೆಗೆ ಎಪ್ಪತ್ತೆರಡು. ಸಕ್ಕರೆ ಕಾಯಿಲೆ ಕಾಲಿನ ಎರಡು ಬೆರಳು ತಿಂದು ಕಣ್ಣಿಗೆ ಕೈ ಹಾಕಿತ್ತು. ಕತ್ತರಿ ಹಿಡಿಯಬೇಕಾಗಿದ್ದ ಒಬ್ಬಳೇ ಮಗಳು ಮೆರೆಯಾನಾ ಮದುವೆಯಾಗಿ ಆಕ್ಲೆಂಡಿಗೆ ಹೋದವಳು, ಹದಿಮೂರು ವರ್ಷದ ಮೇಲೆ ವಿಮಾನದಿಂದ ಗಾಲಿಕುರ್ಚಿಯಲ್ಲಿ ಇಳಿದಳು. ಎದೆಯಲ್ಲಿ ಶುರುವಾದ ಗಂಟು ಮೂಳೆಗೆ ಇಳಿದಿತ್ತು. ಅಲ್ಲಿನ ಡಾಕ್ಟರು, ಇನ್ನು ಮನೆಗೆ ಹೋಗಿ ಎಂದಿದ್ದರು. ಜೊತೆಯಲ್ಲಿ ಒಂಬತ್ತು ವರ್ಷದ ಮಗಳು ಕಿಮಿ. ಕಿಮಿಯ ಅಪ್ಪನ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಈ ಕಿಮಿ ಬಂದ ವಾರದೊಳಗೇ ಮನೆಯೆಲ್ಲ ಹೂವಾಯಿತು. ಸಿಮೆಂಟು ನೆಲದ ಮೇಲೆ ಇದ್ದಿಲಿನ ಹೂವು, ನೀರಿನ ಟ್ಯಾಂಕಿನ ಮೇಲೆ ಸೀಮೆಸುಣ್ಣದ ಹೂವು, ಚರ್ಚಿನ ಹಾಡಿನ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲಿನ ಹೂವು. ಅಜ್ಜಿಗೆ ಒಳಗೊಳಗೇ ಖುಷಿ, ಕತ್ತರಿಗೆ ಕೈ ಸಿಕ್ಕಿತು ಎಂದು. ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರೆ ಖುಷಿಯೆಲ್ಲ ಇಳಿದುಹೋಗುತ್ತಿತ್ತು. ಒಂದೆಸಳು ಗಿಡ್ಡ, ಒಂದು ಉದ್ದ. ಒಂದು ಹೂವನ್ನು ಬೆನ್ನ ಕಡೆಯಿಂದ ಬರೆದಿದ್ದಾಳೆ. ಇನ್ನೊಂದಕ್ಕೆ ತೂತು.

ಇದು ಶಾಲೆಯ ಮೇಷ್ಟ್ರ ಕೆಲಸ ಎಂದು ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ನೂರೋವಾ ಎಂಬ ಆ ಮೇಷ್ಟ್ರು ಅದೇ ಊರಿನ ಹುಡುಗ, ತುವಾಯ್ನೆಯ ಕಣ್ಣೆದುರೇ ಮೂಗು ಸೋರಿಸಿಕೊಂಡು ಬೆಳೆದವನು. ಪಾಠಕ್ಕೆ ಮೊದಲು ಮಕ್ಕಳನ್ನು ಹೊರಗೆ ಬಿಡುತ್ತಿದ್ದ. ಒಬ್ಬೊಬ್ಬರಿಗೆ ಒಂದೊಂದು ಹೂವು. ಹತ್ತು ನಿಮಿಷ ಅದರ ಮುಂದೆ ಬಾಯಿ ಮುಚ್ಚಿಕೊಂಡು ಕೂರಬೇಕು, ಆಮೇಲೆ ಒಳಗೆ ಬಂದು ಬರೆಯಬೇಕು. ಬರೆದದ್ದನ್ನು ಅವನು ಸರಿ ಎನ್ನುತ್ತಿರಲಿಲ್ಲ, ತಪ್ಪೂ ಎನ್ನುತ್ತಿರಲಿಲ್ಲ. "ಇನ್ನೇನು ಕಾಣ್ತು?" ಎಂದು ಕೇಳುತ್ತಿದ್ದ, ಅಷ್ಟೇ. ತುವಾಯ್ನೆ ಕೋಲೂರಿಕೊಂಡು ಶಾಲೆಗೇ ಹೋದಳು.

"ಏನಯ್ಯಾ ಮೇಷ್ಟ್ರೇ, ಇದು ಹೂವೋ, ಕೋಳಿ ಕೆದಕಿದ ತಿಪ್ಪೆಯೋ?"

"ಅವಳನ್ನೇ ಕೇಳಿ ಅಜ್ಜಿ."

"ಅವಳನ್ನ ಕೇಳೋದಾದ್ರೆ ನೀನ್ಯಾಕೆ ಇಲ್ಲಿ ಬೆಂಚು ಕಾಯ್ತಿದೀಯ? ದಾಸವಾಳಕ್ಕೆ ಐದೆಸಳು, ಐದೂ ಒಂದೇ ಸಮ. ತೂತಿರೋ ಹೂವನ್ನ ಯಾರಾದ್ರೂ ಕೌದಿಗೆ ಹಾಕ್ತಾರೇನೋ?"

"ಕೌದಿಗಲ್ಲ ಅಜ್ಜಿ. ಕಣ್ಣಿಗೆ ಕಂಡಿದ್ದನ್ನ ಬರೆದಿದಾಳೆ."

"ಅರವತ್ತು ವರ್ಷದಿಂದ ದಾಸವಾಳ ಕತ್ತರಿಸ್ತಿದೀನಿ. ನಂಗೆ ಕಾಣದ ತೂತು ಇವಳಿಗೆ ಕಾಣ್ತಾ?"

"ಕತ್ತರಿಸಿದೀರಿ. ನೋಡಿದೀರಾ ಯಾವತ್ತಾದ್ರೂ?"

ಹಿರಿಯರಿಗೆ ಎದುರಾಡಿದ ಎಂದು ಊರೆಲ್ಲ ಹೇಳಿಕೊಂಡು ಬರುವಷ್ಟು ಸಿಟ್ಟು ಬಂತು ಅವಳಿಗೆ. ತುವಾಯ್ನೆ ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ನಾಲ್ಕನೆಯ ಕಾಲನ್ನು ತೋರಿಸಿಯೇ ಬಿಡುತ್ತೇನೆಂದು ಹೋದವರೆಲ್ಲ ಬೈಸಿಕೊಂಡು ಬಂದಿದ್ದರು. ಆದರೂ ಆ ದಿನ ಮನೆಗೆ ಬಂದವಳು ಒಳಗೆ ಹೋಗದೆ ಅಂಗಳದ ದಾಸವಾಳದ ಗಿಡದ ಮುಂದೆ ನಿಂತಳು. ಒಂದು ಹೂವನ್ನು ಮೂಗಿಗೆ ತಾಗುವಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಎಸಳಿನ ಅಂಚನ್ನು ಹುಳ ತಿಂದಿತ್ತು. ಇನ್ನೊಂದನ್ನು ಎಳೆದಳು. ಅದರಲ್ಲೂ ಎರಡೆಸಳು ಒಂದರ ಮೇಲೊಂದು ಮಲಗಿದ್ದವು, ಒಂದು ಕುಗ್ಗಿತ್ತು. ಗಿಡದಲ್ಲಿದ್ದ ಹನ್ನೊಂದು ಹೂವಿನಲ್ಲಿ ಅವಳು ಕತ್ತರಿಸುವಂಥದ್ದು ಒಂದೂ ಇರಲಿಲ್ಲ. ಬಿಸಿಲು ನೆತ್ತಿ ಸುಡುವವರೆಗೆ ಅಲ್ಲೇ ನಿಂತಿದ್ದು, ಒಳಗೆ ಬಂದು, ಕೆಸುವಿನೆಲೆಗೆ ತೆಂಗಿನ ಹಾಲು ಹಿಂಡಲು ಕೂತಳು. ಸಂಜೆ ಪೆಟ್ಟಿಗೆಯ ತಳದಿಂದ ದೊಡ್ಡ ಕಂದು ಕಾಗದದ ಸುರುಳಿಯೊಂದನ್ನು ತೆಗೆದು ಕಿಮಿಯ ಮುಂದೆ ಎಸೆದಳು. "ತಗೋ. ಟ್ಯಾಂಕಿನ ಮೇಲೆ ಗೀಚಬೇಡ." ಅವಳು ಕ್ಷಮೆ ಕೇಳುವ ರೀತಿಯೇ ಅದು.

ಆಮೇಲೆ ಮೊಮ್ಮಗಳ ಪರವಾಗಿ ಜಗಳಕ್ಕೂ ನಿಂತಳು. ಹೊಲಿಯುವ ಹೆಂಗಸರ ಗುಂಪಿನಲ್ಲಿ ಅಕಾಯ್ತಿ ಎಂಬ ಬಾಲ್ಯದ ಗೆಳತಿ ಇದ್ದಳು, ನಾಲಿಗೆ ಸುಮ್ಮನಿರದವಳು.

"ಏನೇ ತುವಾಯ್ನೆ, ನಿನ್ನ ಮೊಮ್ಮಗಳು ಹೂವಿಗೆಲ್ಲ ಹುಳ ಹಿಡಿಸ್ತಾಳಂತೆ?"

"ಹುಳ ಮುಟ್ಟದ ಹೂವು ಪ್ಲಾಸ್ಟಿಕ್ಕಿಂದು ಕಣೇ. ಭಾನುವಾರ ನಿನ್ನ ಟೋಪಿ ಮೇಲೆ ಕೂತಿರ್ತದಲ್ಲ, ಅಂಥದ್ದು."

ಹೆಂಗಸರು ಬಿದ್ದು ಬಿದ್ದು ನಕ್ಕರು. ಕಿಮಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಆ ವಾರ ಅವಳು ಬರೆದಷ್ಟು ಹೂವು ಹಿಂದೆಂದೂ ಬರೆದಿರಲಿಲ್ಲ.

ಮೆರೆಯಾನಾ ಮುಂದಿನ ಕೋಣೆಯಲ್ಲಿ, ಗಾಜಿನ ಪಟ್ಟಿಗಳ ಕಿಟಕಿಯ ಪಕ್ಕ ಮಲಗಿರುತ್ತಿದ್ದಳು. ಒಂದು ಬೆಳಿಗ್ಗೆ ನರ್ಸು ಬಂದು ಸೂಜಿ ಚುಚ್ಚಿ ಹೋದ ಮೇಲೆ, ನೋವು ಸ್ವಲ್ಪ ಹಿಂದೆ ಸರಿದಾಗ, ತಾಯಿಯನ್ನು ಕರೆದಳು.

"ಅಮ್ಮಾ, ನಂಗೆ ನಿನ್ನ ಹೂವು ಬೇಡ."

ತುವಾಯ್ನೆಗೆ ಅರ್ಥವಾಯಿತು. ಅರ್ಥವಾಗದವಳಂತೆ ಹಾಸಿಗೆಯ ಮೂಲೆಯನ್ನು ಎಳೆದು ಸರಿಮಾಡಿದಳು. "ಇನ್ಯಾವ ಹೂವು ಬೇಕು ನಿಂಗೆ?"

"ಕಿಮೀದು. ಅವಳ ಹೂವು ಹೊದ್ಕೊಂಡು ಹೋಗ್ತೀನಿ."

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಸುಳ್ಳಲ್ಲ."

"ನಾನೂ ಹಂಗೇ ಇದ್ನಲ್ವಾ ನಿಂಗೆ," ಎಂದು ಮೆರೆಯಾನಾ ನಕ್ಕಳು. ಮರುಕ್ಷಣ ನಗು ನಿಲ್ಲಿಸಿ ತಾಯಿಯ ಮಣಿಕಟ್ಟು ಹಿಡಿದಳು. ಹಿಡಿತದಲ್ಲಿ ಬಲವೇ ಇರಲಿಲ್ಲ. "ಅವಳಿಗೆ ಬಿಟ್ಟು ಹೋಗೋಕೆ ನನ್ಹತ್ರ ಏನಿಲ್ಲ. ಅವಳು ಬರೆದಿದ್ದನ್ನ ಅಮ್ಮ ಜೊತೇಲಿ ತಗೊಂಡು ಹೋದ್ಲು ಅನ್ನೋದೊಂದಾದ್ರೂ ಇರ್ಲಿ. ತಿದ್ದಬೇಡ ಅಮ್ಮ. ಒಂದು ಗೆರೇನೂ ತಿದ್ದಬೇಡ."

"ತಿದ್ದಲ್ಲ."

"ಆಣೆ?"

"ನಿನ್ನಪ್ಪನ ಗೋರಿ ಮೇಲಾಣೆ."

ಕಿಮಿ ಎಂಟು ದಿನ ತೆಗೆದುಕೊಂಡಳು. ಶಾಲೆಯಿಂದ ಬಂದವಳೇ ಕಂದು ಕಾಗದವನ್ನು ಅಮ್ಮನ ಮಂಚದ ಕೆಳಗೆ ಹರಡಿ, ಬೋರಲು ಮಲಗಿ ಬರೆಯುತ್ತಿದ್ದಳು. ಕಿಟಕಿಯಾಚೆಯ ಗಿಡದಲ್ಲಿ ಬೆಳಿಗ್ಗೆ ಅರಳಿದ್ದು ಅಷ್ಟರಲ್ಲಿ ಮುದುಡತೊಡಗಿರುತ್ತಿತ್ತು, ಮುದುಡುವುದನ್ನೂ ಬರೆದಳು. ಎಂಟನೆಯ ದಿನ ಕಾಗದವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಳು. ಕಾಗದದ ತುಂಬ ಒಂದೇ ಹೂವು.

"ಈ ಬಾಗಿರೋ ದೊಡ್ಡ ಎಸಳು ಅಮ್ಮ. ಅಮ್ಮನ ಪಕ್ಕ ಸುರುಳಿ ಸುತ್ಕೊಂಡಿದೆಯಲ್ಲ ಚಿಕ್ಕದು, ಅದು ನಾನು. ತೂತಿರೋದು ಅಜ್ಜಿ."

"ನಂಗ್ಯಾಕೇ ತೂತು?"

"ಕಾಲಲ್ಲಿ ಎರಡು ಬೆರಳಿಲ್ವಲ್ಲ."

"ಉಳಿದೆರಡು?"

"ಅವು ಬರೀ ಎಸಳು ಅಜ್ಜಿ. ಎಲ್ಲಾ ಯಾರಾದ್ರೂ ಆಗಿರ್ಬೇಕಾ?"

ಮೆರೆಯಾನಾ ನಕ್ಕು ನಕ್ಕು ಕೆಮ್ಮು ಹತ್ತಿ, ಬೆನ್ನು ನೀವಬೇಕಾಯಿತು. ಆಮೇಲೆ ಚಿಕ್ಕ ಎಸಳಿನ ಸುರುಳಿಯ ಮೇಲೆ ಬೆರಳಿಟ್ಟುಕೊಂಡು ಹಾಗೇ ನಿದ್ದೆ ಹೋದಳು. ತಿಂಗಳು ಕಳೆದರೆ ಹೆಚ್ಚು ಎಂದು ನರ್ಸು ಅಂಗಳದಲ್ಲಿ ತಗ್ಗಿದ ದನಿಯಲ್ಲಿ ಹೇಳಿ ಹೋಗಿದ್ದಳು.

ಕೆಂಪು ಬಟ್ಟೆ ಒಂದು, ಕೆಳಗೆ ಹಾಸಲು ಬಿಳಿ ಬಟ್ಟೆ ಒಂದು, ದೊಡ್ಡ ದ್ವೀಪ ರಾರೊಟೊಂಗಾದಿಂದ ಹಡಗಿನಲ್ಲಿ ಬಂದವು. ಮುಂದಿನ ಹಡಗು ಇನ್ನೆರಡು ತಿಂಗಳಿಗೆ. ತುವಾಯ್ನೆ ವಾರವೆಲ್ಲ ಯೋಚಿಸಿ ಇಟ್ಟುಕೊಂಡಿದ್ದಳು: ಈ ಸಲ ಮಡಿಸುವಂತಿಲ್ಲ. ಬಟ್ಟೆಯನ್ನು ಒಂದೇ ಪದರವಾಗಿ ಹರಡಬೇಕು, ಮೇಲೆ ಕಾಗದ ಹರಡಬೇಕು, ಮಗು ಎಳೆದ ಗೆರೆಯ ಮೇಲೇ ಕತ್ತರಿ ಹೋಗಬೇಕು. ಒಂದೇ ಹೂವು. ಹೊಸದಾಗಿ ಕಲಿಯುವ ಹುಡುಗಿಯರು ಕತ್ತರಿಸುವ ಹಾಗೆ. ನಾಚಿಕೆಯೇನೋ ಆಗುತ್ತದೆ, ಆಗಲಿ.

ಸೋಮವಾರ ಬೆಳಿಗ್ಗೆ ಹೊಲಿಗೆ ಸಂಘದ ಮನೆಯಲ್ಲಿ ಹದಿನೈದು ಹೆಂಗಸರು ಸೇರಿದರು. ಹಿತ್ತಿಲ ಒಲೆಯ ಮೇಲೆ ಕೆಸುವಿನ ಗಡ್ಡೆ ಬೇಯುತ್ತಿತ್ತು. ಕೆಂಪು ಬಟ್ಟೆಯನ್ನು ಚಾಪೆಯ ಮೇಲೆ ಹಾಸಿದ ಕೂಡಲೇ ಅಕಾಯ್ತಿ ಹಾಡು ಎತ್ತಿದಳು. ಕತ್ತರಿಸುವ ದಿನ ಹೇಳುವ ಹಾಡು ಅದು, ಅವರೆಲ್ಲ ಹುಟ್ಟುವ ಮೊದಲಿನಿಂದಲೂ ಅದೇ. ಹದಿನೈದು ಗಂಟಲು ಸೇರಿದವು. ಯಾರೋ ಕತ್ತರಿಯನ್ನು ತುವಾಯ್ನೆಯ ಮಡಿಲಿಗಿಟ್ಟರು. ಮಗಳು ಸಾಯುತ್ತಿದ್ದಾಳೆ ಎಂಬ ಯೋಚನೆ, ಮಂಜು ಮಂಜಾದ ಕಣ್ಣು, ಕಿವಿ ತುಂಬ ಆ ಹಾಡು. ಅರವತ್ತು ವರ್ಷ ಆ ಹಾಡಿಗೆ ಏನು ಮಾಡಿದ್ದವೋ ಕೈಗಳು ಅದನ್ನೇ ಮಾಡಿದವು. ಬಟ್ಟೆ ಅರ್ಧಕ್ಕೆ ಮಡಿಚಿಕೊಂಡಿತು, ಮತ್ತೆ ಅರ್ಧಕ್ಕೆ, ಮೂಲೆಯಿಂದ ಮೂಲೆಗೆ. ಕಾಗದವೂ ನಡುವಿಗೆ ಮಡಿಚಿಕೊಂಡಿತು, ಚೆನ್ನಾಗಿರುವ ಅರ್ಧ ಮೇಲೆ, ಇನ್ನರ್ಧ ಕೆಳಗೆ. ಗುಂಡುಸೂಜಿ ಚುಚ್ಚಿಯಾಯಿತು. ಕತ್ತರಿ ಕಾಗದವನ್ನೂ ಎಂಟು ಪದರ ಬಟ್ಟೆಯನ್ನೂ ಸೇರಿಸಿ ಕತ್ತರಿಸುತ್ತ ನಡೆಯಿತು. ಹೋಗುತ್ತ ಹೋಗುತ್ತ ಬಾಗಿದ್ದನ್ನು ನೇರ ಮಾಡಿತು, ತೂತಿದ್ದ ಅಂಚನ್ನು ದುಂಡಗೆ ಮಾಡಿತು. ಹಾಡಿನ ಮೂರನೆಯ ಚರಣ ಮುಗಿಯುವಾಗ ಕೆಲಸವೂ ಮುಗಿದಿತ್ತು.

ಬಿಡಿಸಿದರು. ನಾಲ್ಕು ಕಡೆಗೆ ನಾಲ್ಕು ದಾಸವಾಳ, ಬಿಳಿಯ ಮೇಲೆ ಕೆಂಪು, ಇಪ್ಪತ್ತು ಎಸಳು.

"ಅಯ್ಯೋ ದೇವರೇ!" ಎಂದಳು ಅಕಾಯ್ತಿ. "ಈ ಕಣ್ಣಲ್ಲೂ ಹಿಂಗೆ ಕತ್ತರಿಸ್ತೀಯಲ್ಲೇ ಮುದುಕಿ!"

ಎರಡು ಉಸಿರಿನಷ್ಟು ಹೊತ್ತು ತುವಾಯ್ನೆ ಹಿಗ್ಗಿದಳು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹಿಗ್ಗಿದಳು. ಆಮೇಲೆ ಚಾಪೆಯ ಮೇಲೆ ಕಂದು ಕಾಗದದ ಚೂರುಗಳು ಕಂಡವು. ಅವಳು ಬಾಯಿ ತೆರೆಯುವ ಮೊದಲೇ ಚುರುಕು ಕೈಯ ಹೆಂಗಸೊಬ್ಬಳು ಬಟ್ಟೆಯ ತುಂಡುಗಳನ್ನು ಬೇರೆ ಮಾಡಿ, ಕಾಗದವನ್ನು ಗುಡಿಸಿ, ಗಡ್ಡೆ ಬೇಯುತ್ತಿದ್ದ ಒಲೆಗೆ ಹಾಕಿ ಬಂದಳು.

ಊಟದ ಗಂಟೆಗೆ ಕಿಮಿ ಶಾಲೆಯಿಂದ ಓಡಿ ಬಂದಳು. ಹೆಂಗಸರು ದಾರಿ ಬಿಟ್ಟರು. "ಬಾರೇ, ನೋಡು ಬಾ, ನಿನ್ನ ಹೂವು!" ಕಿಮಿ ಬಟ್ಟೆಯ ಸುತ್ತ ಒಂದು ಸುತ್ತು ಬಂದಳು. ಚಪ್ಪಲಿ ಬಿಟ್ಟು, ಮಂಡಿಯೂರಿ, ಇನ್ನೊಂದು ಸುತ್ತು ಬಂದಳು.

"ನಾನೆಲ್ಲಿ ಅಜ್ಜಿ?"

"ಎಲ್ಲದ್ರಲ್ಲೂ ನೀನೇ ಕಣೇ ಮಗಳೇ."

"ಇಲ್ಲ. ಎಲ್ಲಾ ದೊಡ್ಡೆಸಳೇ. ಇಪ್ಪತ್ತೂ ಅಮ್ಮಾನೇ. ನಾನಿಲ್ಲ."

"ಕಾಗದ ಸ್ವಲ್ಪ ಹರೀತು. ಇನ್ನೊಂದ್ಸಲ ಬರ್ಕೊಡು, ನಿನ್ನನ್ನ ಬೇರೆ ಕತ್ತರಿಸಿ ಮೇಲೆ ಹೊಲಿತೀನಿ."

ಕಿಮಿ ಅಜ್ಜಿಯ ಮುಖವನ್ನು ನೋಡಿದಳು. ಮೇಷ್ಟ್ರು ಹೇಳಿಕೊಟ್ಟ ಹಾಗೆ, ತುಂಬ ಹೊತ್ತು, ಮಾತಿಲ್ಲದೆ ನೋಡಿದಳು. "ಹೆಂಗಿತ್ತು ಅಂತ ಮರೆತೋಯ್ತು," ಎಂದು ಎದ್ದು ಹೋದಳು.

ಅಂದಿನಿಂದ ಕಿಮಿ ಬರೆಯಲಿಲ್ಲ. ಮೇಷ್ಟ್ರು ತಾನೇ ಮನೆಗೆ ಬಂದು ಹೇಳಿದ: ಎಲ್ಲ ಮಕ್ಕಳ ಹಾಗೆ ಹೂವಿನ ಮುಂದೆ ಕೂರುತ್ತಾಳೆ, ಒಳಗೆ ಬಂದು ಖಾಲಿ ಹಾಳೆಯನ್ನು ಹಾಗೇ ಮಡಿಸಿ ಕೊಡುತ್ತಾಳೆ.

"ಏನಾಯ್ತು ಅಜ್ಜಿ? ಯಾರಾದ್ರೂ ಏನಾದ್ರೂ ಅಂದ್ರಾ?"

"ತಾಯಿ ಹಾಸಿಗೆ ಹಿಡಿದಿದಾಳೆ. ಹೂವು ಬರೆಯೋ ಹೊತ್ತೇನಯ್ಯಾ ಇದು?" ಎಂದು ತುವಾಯ್ನೆ ಅವನನ್ನೇ ಗದರಿದಳು.

ಹೊಲಿಗೆ ಮೂರು ವಾರ ನಡೆಯಿತು. ಕತೆ ಹೇಳುವವರಿಗೂ ಸಿಟ್ಟು ಬರುವ ಜಾಗ ಇದು. ಮೂರು ವಾರ ಎಂದರೆ ಇಪ್ಪತ್ತೊಂದು ದಿನ. ಅಷ್ಟು ದಿನದಲ್ಲಿ ಯಾವತ್ತಾದರೂ ಒಂದು ದಿನ ತುವಾಯ್ನೆ, "ನಿಲ್ಸ್ರೇ, ತಪ್ಪಾಗಿದೆ, ಬಿಚ್ಚಿ," ಎಂದಿದ್ದರೆ ಹದಿನೈದು ಹೆಂಗಸರೂ ಗೊಣಗುತ್ತ ಬಿಚ್ಚುತ್ತಿದ್ದರು. ಉಳಿದ ಕೆಂಪು ತುಂಡಿನಲ್ಲಿ ಒಂದು ಚಿಕ್ಕ ಎಸಳಾಗುತ್ತಿತ್ತು. ಮಗುವಿನ ಕಾಲು ಹಿಡಿದಾದರೂ ಇನ್ನೊಮ್ಮೆ ಬರೆಸಬಹುದಿತ್ತು. ಪ್ರತಿ ಬೆಳಿಗ್ಗೆಯೂ ಹೇಳಬೇಕೆಂದೇ ಹೋಗುತ್ತಿದ್ದಳು. ಹೋದರೆ ಪಕ್ಕದ ಊರಿನ ಹೆಂಗಸರು ನೋಡಲು ಬಂದಿರುತ್ತಿದ್ದರು. ನೀನು ಜೀವಮಾನದಲ್ಲೇ ಇಂಥದ್ದು ಕತ್ತರಿಸಿರಲಿಲ್ಲ ಅನ್ನುತ್ತಿದ್ದರು. ಅರವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪದ ಕೈ ಮಗಳ ಕೌದಿಯಲ್ಲೇ ತಪ್ಪಿತು ಎಂದು ಅವರ ಎದುರಿಗೆ ಹೇಗೆ ಹೇಳುವುದು? ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದಳು. ಹೊಲಿಗೆ ಅಂಚಿನಿಂದ ನಡುವಿಗೆ ಬಂತು. ಮೆರೆಯಾನಾ ಅನ್ನ ಬಿಟ್ಟು ಗಂಜಿಗೆ ಬಂದಳು, ಗಂಜಿಯಿಂದ ಎಳನೀರಿಗೆ, ಎಳನೀರಿನಿಂದ ತುಟಿ ಒದ್ದೆ ಮಾಡುವ ಹತ್ತಿಗೆ.

ಕೌದಿ ಮುಗಿದು ಮನೆಗೆ ಬಂದ ದಿನ ಅವಳಿಗೆ ಎಚ್ಚರವಿತ್ತು. ಕಣ್ಣಿಗೆ ಮಾತ್ರ ಬಣ್ಣ ಬಿಟ್ಟು ಬೇರೇನೂ ನಿಲ್ಲುತ್ತಿರಲಿಲ್ಲ. ಔಷಧಿ ಅಷ್ಟು ಏರಿತ್ತು. ಎದೆಯವರೆಗೆ ಹೊದಿಸಿದರು.

"ಕೆಂಪು," ಎಂದಳು. "ಕಿಮಿ ಎಲ್ಲಿ?"

ಕಿಮಿ ಮಂಚದ ಪಕ್ಕಕ್ಕೆ ಬಂದಳು. ತುವಾಯ್ನೆ ಬಾಗಿಲ ಬಳಿ ಗೋಡೆ ಹಿಡಿದು ನಿಂತಿದ್ದಳು.

"ಇದೇನಾ ಕಂದ, ನಿನ್ನ ಹೂವು?"

ಕಿಮಿ ಒಮ್ಮೆ ಬಾಗಿಲ ಕಡೆ ನೋಡಿದಳು. ಅಜ್ಜಿ ನೆಲ ನೋಡಿದಳು.

"ಹೂಂ ಅಮ್ಮ. ನಂದೇ."

"ನೀನೆಲ್ಲಿದೀಯ? ಕಾಣ್ತಿಲ್ಲ ನಂಗೆ. ತೋರ್ಸು."

ಕಿಮಿ ಅಮ್ಮನ ತೋರುಬೆರಳನ್ನು ಹಿಡಿದಳು. ಆ ಬೆರಳನ್ನು ಹತ್ತಿರದ ಒಂದು ಎಸಳಿನ ಅಂಚಿನ ಮೇಲೆ ನಿಧಾನವಾಗಿ ಎಳೆದಳು. ಎಲ್ಲ ಎಸಳಿನ ಹಾಗೆ ಅದೂ ದುಂಡಗೆ, ನೇರವಾಗಿ ಇತ್ತು. ಎಳೆಯುತ್ತ ಬಂದು, ಸುರುಳಿ ಇರಬೇಕಾಗಿದ್ದ ಜಾಗದಲ್ಲಿ, ಬಟ್ಟೆಯ ಮೇಲೆ ಬೆರಳನ್ನು ತಾನೇ ಒಂದು ಸುತ್ತು ಸುತ್ತಿಸಿದಳು.

"ಇಲ್ಲಿ. ಸುತ್ಕೊಂಡಿದೀನಲ್ಲ, ಇದು."

"ಹೌದು, ಹೌದು. ಗೊತ್ತಾಗ್ತಿದೆ." ಮೆರೆಯಾನಾ ಕಣ್ಣು ಮುಚ್ಚಿಕೊಂಡಳು. "ಇಲ್ಲೇ ಇರು. ನಾನು ಇಲ್ಲೇ ಹುಡುಕ್ತೀನಿ. ಅಮ್ಮಾ..."

"ಇದೀನಿ ಹೇಳು."

"ತಿದ್ದಲಿಲ್ಲ ನೀನು."

"ಇಲ್ಲ ಕಣೇ," ಎಂದಳು ತುವಾಯ್ನೆ. ಸತ್ತ ಗಂಡನ ಗೋರಿ ಅದೇ ಕಿಟಕಿಯಾಚೆ, ಹತ್ತು ಹೆಜ್ಜೆ ದೂರದಲ್ಲಿತ್ತು.

ಗುರುವಾರ, ಬಿಸಿಲೇರುವ ಹೊತ್ತಿಗೆ ಮೆರೆಯಾನಾ ಹೋದಳು. ಹೆಂಗಸರು ಮೈ ತೊಳೆದು, ಬಿಳಿ ಅಂಗಿ ಹಾಕಿ, ಕೌದಿಯನ್ನು ಕೊಡವಿ ಹಾಸಿ ಮಲಗಿಸಿದರು. ಊರೆಲ್ಲ ಬಂದು ಚಾಪೆಯ ಮೇಲೆ ಕೂತು ಹಾಡಿತು. ಗಂಡಸರು ಅಂಗಳದಲ್ಲಿ ಅವಳ ಅಪ್ಪನ ಗೋರಿಯ ಪಕ್ಕಕ್ಕೇ ತೋಡಿದರು. ಕೆಳಗೆ ಹವಳದ ಕಲ್ಲು ಸಿಕ್ಕಿ ಹಾರೆ ಕೂಗುತ್ತಿತ್ತು. ಕಿಮಿ ಯಾರ ಮಡಿಲಿಗೂ ಹೋಗಲಿಲ್ಲ. ತಾಯಿಯ ತಲೆಯ ಹತ್ತಿರ ಕೂತಿದ್ದಳು, ಕೊಟ್ಟದ್ದನ್ನು ತಿಂದಳು, ಅಳಲಿಲ್ಲ. ಗಟ್ಟಿ ಮಗು ಎಂದರು ಜನ.

ಶುಕ್ರವಾರ ಮಧ್ಯಾಹ್ನ ಪೆಟ್ಟಿಗೆ ಬಂತು. ಕೌದಿಯನ್ನು ಮೈಗೆ ಸುತ್ತಿ, ಪೆಟ್ಟಿಗೆಯಲ್ಲಿ ಇಳಿಸಿ, ಮುಚ್ಚಳ ಹಿಡಿದ ನಾಲ್ವರು ಪಕ್ಕಕ್ಕೆ ನಿಂತರು. ಆಗ ತುವಾಯ್ನೆ ಎದ್ದಳು. ಬೆಳಗ್ಗೆಯೆಲ್ಲ ಅವಳು ಹಿತ್ತಿಲಲ್ಲಿ ಒಬ್ಬಳೇ ಕೂತು ಉಳಿದ ಕೆಂಪು ತುಂಡಿನಲ್ಲಿ ಒಂದು ಚಿಕ್ಕ ಎಸಳು ಕತ್ತರಿಸಿದ್ದಳು, ಕಾಗದದಲ್ಲಿ ಕಂಡದ್ದನ್ನು ನೆನಪಿಸಿಕೊಂಡು, ಸುರುಳಿಯಾಗಿ. ನಾಲ್ಕು ಕೆಟ್ಟುಹೋಗಿ ಐದನೆಯದು ಬಂದಿತ್ತು. ಸೂಜಿಗೆ ದಾರ ಪೋಣಿಸಿಕೊಟ್ಟವಳು ಅಕಾಯ್ತಿ. ಪೋಣಿಸುವಾಗ ತುವಾಯ್ನೆ ಅವಳಿಗೆ ಎಲ್ಲವನ್ನೂ ಹೇಳಿದ್ದಳು. ಅಕಾಯ್ತಿಯ ನಾಲಿಗೆ ಅಂದೊಂದು ದಿನ ಸುಮ್ಮನಿತ್ತು.

"ಕಿಮಿ, ಬಾ ಇಲ್ಲಿ," ಎಂದು ಅಜ್ಜಿ ಅಂಗೈ ಬಿಚ್ಚಿ ತೋರಿಸಿದಳು. "ನೋಡು, ನೀನು. ಅಮ್ಮನ ಪಕ್ಕ ಹೊಲಿತೀನಿ. ಎಲ್ರೂ ಕಾಯ್ಲಿ."

ಕಿಮಿ ಅಂಗೈಯ ಮೇಲಿದ್ದದ್ದನ್ನು ನೋಡಿದಳು. "ಬೇಡ ಅಜ್ಜಿ."

"ತಪ್ಪಾಯ್ತು ಕಣೇ ನಂದು. ನಾನೇ ನಿನ್ನನ್ನ ಕತ್ತರಿಸಿ ಹಾಕ್ದೆ. ಈಗಾದ್ರೂ ಹೊಲಿಯೋಕೆ ಬಿಡು."

"ಬೇಡ. ಅಮ್ಮಂಗೆ ನಾನು ಬೇರೆ ಕಡೆ ತೋರ್ಸಿದೀನಿ. ಅಲ್ಲೇ ಹುಡುಕ್ತೀನಿ ಅಂದ್ಲು. ನೀನು ಇನ್ನೆಲ್ಲೋ ಇಟ್ರೆ ನಾನು ಸಿಗಲ್ಲ."

ತುವಾಯ್ನೆ ಸೂಜಿಯನ್ನು ಎತ್ತಿ ಹಿಡಿದಳು. "ಹಂಗಾದ್ರೆ ಎಲ್ಲಿ ತೋರ್ಸಿದ್ದೆ ಹೇಳು. ಅಲ್ಲೇ ಹೊಲಿತೀನಿ. ಅದೇ ಎಸಳಿನ ಮೇಲೆ."

ಇದು ಕಿಮಿಗೆ ಒಪ್ಪಿಗೆಯಾಯಿತು. ಪೆಟ್ಟಿಗೆಯ ಅಂಚು ಹಿಡಿದು ಬಗ್ಗಿದಳು. ಎದೆಯ ಮೇಲಿದ್ದ ಎಸಳನ್ನು ಮುಟ್ಟಿದಳು. ತಲೆಯಾಡಿಸಿ ಪಕ್ಕದ್ದನ್ನು ಮುಟ್ಟಿದಳು. ಕೊಡವಿ ಹಾಸುವಾಗ ಹೆಂಗಸರು ಕೌದಿಯ ತಲೆಯ ಭಾಗ ಯಾವುದು, ಕಾಲಿನ ಭಾಗ ಯಾವುದು ಎಂದು ನೋಡಿರಲಿಲ್ಲ, ನೋಡಿದ್ದರೂ ಗೊತ್ತಾಗುವಂಥದ್ದಲ್ಲ. ಕಿಮಿ ಈ ಬದಿಯಿಂದ ಆ ಬದಿಗೆ ಹೋದಳು. ಮಡಿಕೆಯನ್ನು ಎತ್ತಿ ಒಳಗೆ ನೋಡಿದಳು. ಒಂದೊಂದು ಎಸಳಿನ ಅಂಚಿನ ಮೇಲೂ ಬೆರಳು ಎಳೆದು, ಕೊನೆಯಲ್ಲಿ ಒಂದು ಸುತ್ತು ಸುತ್ತಿಸಿ, ಅಲ್ಲ ಎಂದು ಮುಂದಕ್ಕೆ ಹೋದಳು. ಹಾಡು ನಿಂತಿತ್ತು. ಪಾದ್ರಿ ಕೆಮ್ಮಿದ. ಮುಚ್ಚಳದವರು ಅದನ್ನು ಒಮ್ಮೆ ನೆಲಕ್ಕಿಟ್ಟು ಕೈ ಒರೆಸಿಕೊಂಡು ಮತ್ತೆ ಎತ್ತಿಕೊಂಡರು.

"ಸ್ವಲ್ಪ ನಿಲ್ರಪ್ಪಾ," ಎಂದಳು ತುವಾಯ್ನೆ. "ಮಗು ಹುಡುಕ್ತಿದೆ."

ಅವರು ನಿಂತರು. ಆ ಬಿಸಿಲಿನಲ್ಲಿ, ಆ ಹೊತ್ತಿಗೆ ಎಷ್ಟು ನಿಲ್ಲಲು ಸಾಧ್ಯವೋ ಅಷ್ಟು ನಿಂತರು. ಕಿಮಿ ಕೈಗೆ ಸಿಕ್ಕಿದ ಎಸಳನ್ನೆಲ್ಲ ಮುಟ್ಟಿ ಮುಗಿಸಿ ಮೊದಲನೆಯದಕ್ಕೆ ಬಂದಳು. ಮತ್ತೆ ಶುರುಮಾಡಿ, ಮೂರನೆಯದರ ಮೇಲೆ ಬೆರಳು ನಿಲ್ಲಿಸಿ, ಕೈ ಹಿಂದಕ್ಕೆ ತೆಗೆದುಕೊಂಡಳು.

"ಮುಚ್ಚಲಿ ಅಜ್ಜಿ," ಎಂದಳು. "ನಂಗೇ ಗೊತ್ತಾಗ್ತಿಲ್ಲ."

ಮುಚ್ಚಳ ಹಾಕುವಾಗಲೂ ಕಿಮಿ ಅಳಲಿಲ್ಲ. ಅತ್ತದ್ದು ತುವಾಯ್ನೆ, ಸೂಜಿಯನ್ನೂ ಆ ಚೂರು ಬಟ್ಟೆಯನ್ನೂ ಮುಷ್ಟಿಯಲ್ಲಿ ಹಿಡಿದುಕೊಂಡು, ಊರಿಗೆಲ್ಲ ಕೇಳುವ ಹಾಗೆ. ಪಾಪ, ಮಗಳಿಗಾಗಿ ಅಳುತ್ತಿದ್ದಾಳೆ ಎಂದುಕೊಂಡು ಜನ ಅವಳನ್ನು ಹಿಡಿದುಕೊಂಡರು.